ವಾರಕ್ಕೊಂದು ಪರಾಶಾ: ತೋರಾವನ್ನು ಗುಂಪಾಗಿ ಓದುವುದು ಹೇಗೆ

ಯೆಹೂದಿಯರ ತೋರಾ ಅಂದರೆ ಮೋಶೆಯ ಐದು ಪುಸ್ತಕಗಳು. ಕನ್ನಡ ಬೈಬಲ್ ಓದಿದವರಿಗೆ ಇವು ಆದಿಕಾಂಡ, ವಿಮೋಚನಕಾಂಡ, ಯಾಜಕಕಾಂಡ, ಅರಣ್ಯಕಾಂಡ, ಧರ್ಮೋಪದೇಶಕಾಂಡ ಅನ್ನುವ ಹೆಸರಲ್ಲಿ ಗೊತ್ತು. ಈ ಐದನ್ನೂ 54 ಭಾಗ ಮಾಡಿಕೊಂಡು, ವಾರವಾರ ಓದುತ್ತಾ, ವರ್ಷದೊಳಗೆ ಮುಗಿಸುತ್ತಾರೆ. ಒಂದು ಭಾಗಕ್ಕೆ ಪರಾಶಾ ಅಂತ ಹೆಸರು. ಶನಿವಾರ ಅವರ ಶಬ್ಬಾತ್, ವಿಶ್ರಾಂತಿಯ ದಿನ. ಅವತ್ತು ಬೆಳಿಗ್ಗೆ ಸಿನಗಾಗ್‌ನಲ್ಲಿ, ಅಂದರೆ ಅವರ ಪ್ರಾರ್ಥನಾ ಮಂದಿರದಲ್ಲಿ, ಆ ವಾರದ ಪರಾಶಾವನ್ನು ಸುರುಳಿಯಿಂದ ರಾಗವಾಗಿ ಓದುತ್ತಾರೆ. ಓದು ಅಲ್ಲಿಗೆ ಮುಗಿಯುವುದಿಲ್ಲ. ಅದರ ಹಿಂದೆ ಮುಂದೆ, ಊಟದ ಮೇಜಿನಲ್ಲಿ, ಗುರುವಾರ ರಾತ್ರಿಯ ಕೂಟದಲ್ಲಿ, ಫೋನಿನಲ್ಲಿ, ಎಲ್ಲ ಕಡೆ ಅದೇ ಪರಾಶಾದ ಮಾತು.

ಈ ಬರಹ ಯಾರಿಗೆ? ನ್ಯೂಜೆರ್ಸಿಯ ಎಡಿಸನ್, ಹೈಲ್ಯಾಂಡ್ ಪಾರ್ಕ್ ಕಡೆ ಇರುವ ಕನ್ನಡಿಗರಿಗೆ ಯೆಹೂದಿ ನೆರೆಹೊರೆಯವರು ಸಹಜವಾಗಿಯೇ ಸಿಗುತ್ತಾರೆ. ಇಸ್ರೇಲಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸಕ್ಕೆ ಹೋದ ನಮ್ಮ ಕರಾವಳಿಯವರಿಗೆ ಶುಕ್ರವಾರ ಸಂಜೆಯ ಮೇಜು ಹೊಸದಲ್ಲ. "ಒಂದಿನ ಬನ್ನಿ, ಪರಾಶಾ ಓದ್ತೀವಿ" ಅಂತ ಯಾರಾದರೂ ಕರೆದರೆ ಏನು ಮಾಡಬೇಕು? ಅಥವಾ ಬೆಂಗಳೂರಲ್ಲೇ ನಾಲ್ಕು ಜನ ಸೇರಿ ಈ ರೀತಿಯ ಓದನ್ನು ಶುರು ಮಾಡಬೇಕು ಅನಿಸಿದರೆ? ನಾನು ಯೆಹೂದಿ ಅಲ್ಲ. ಇಂಥ ಗುಂಪಿನಲ್ಲಿ ಜಾಗ ಕೊಟ್ಟರು, ಕೂತು ಕಲಿತೆ. ಅಲ್ಲಿಂದ ಹೇಳುತ್ತಿದ್ದೇನೆ.

ನನಗೆ ಗಟ್ಟಿಯಾಗಿ ಅನಿಸಿರುವುದು ಒಂದೇ. ಇಂಥ ಗುಂಪು ಬಾಳುವುದು ಒಳ್ಳೆ ಮಾತುಗಾರರಿಂದ ಅಲ್ಲ. ಒಳ್ಳೆ ಮಾತುಗಾರ ಸಿಕ್ಕರೆ ಮೂರೇ ವಾರಕ್ಕೆ ಅದು ಉಪನ್ಯಾಸ ಆಗಿಬಿಡುತ್ತದೆ, ಉಳಿದವರು ತಲೆದೂಗುತ್ತಾ ಕೂರುತ್ತಾರೆ. ವಚನದಲ್ಲೇ ಇರುವ ಒಂದು ತೊಡಕಿನ ಮೇಲೆ ಎಲ್ಲರೂ ಬೆರಳಿಟ್ಟರೆ ಮಾತ್ರ ಗುಂಪು ಬಾಳುತ್ತದೆ. ಕೆಳಗೆ ಹೇಳುವುದೆಲ್ಲ ಆ ತೊಡಕನ್ನು ಹುಡುಕುವ ದಾರಿ, ಅಷ್ಟೇ.

ಮೊದಲು ಕ್ಯಾಲೆಂಡರ್ ನೋಡಿ

ಈ ವಾರ ಯಾವ ಪರಾಶಾ ಅಂತ ನೀವು ಆರಿಸುವ ಹಾಗಿಲ್ಲ. ಆರಿಸುವ ಸ್ವಾತಂತ್ರ್ಯ ಇಲ್ಲದಿರುವುದೇ ಇದರ ಚೆಂದ. ನಾವಾಗಿ ಆರಿಸಿದರೆ ಇಷ್ಟದ ಕಥೆಗಳನ್ನೇ ತಿರುಗಿಸಿ ತಿರುಗಿಸಿ ಓದುತ್ತಿದ್ದೆವು. ಹೆಬ್‌ಕಾಲ್ ಅನ್ನುವ ವೆಬ್‌ಸೈಟಿನಲ್ಲಿ ಊರು, ದಿನ ಹಾಕಿದರೆ ಆ ವಾರದ ಪರಾಶಾ, ಅಧ್ಯಾಯ, ವಚನ ಎಲ್ಲ ಬರುತ್ತದೆ.

ಎರಡು ವಿಷಯ ಗೊತ್ತಿರಲಿ. ಯೆಹೂದಿ ಪಂಚಾಂಗ ಚಾಂದ್ರಮಾನದ್ದು, ಆದರೆ ಋತುಗಳ ಜೊತೆ ಹೊಂದಿಕೊಂಡು ನಡೆಯಬೇಕು. ಅದಕ್ಕೆ 19 ವರ್ಷದಲ್ಲಿ 7 ಸಲ ಅಧಿಕ ಮಾಸ ಬರುತ್ತದೆ. ನಮ್ಮ ಪಂಚಾಂಗ ನೋಡುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಧಿಕ ಮಾಸ ಇಲ್ಲದ ವರ್ಷ ವಾರಗಳು ಸಾಲುವುದಿಲ್ಲ, ಆಗ ಕೆಲವು ಪರಾಶಾಗಳನ್ನು ಜೋಡಿ ಮಾಡಿ ಓದುತ್ತಾರೆ. ಇನ್ನೊಂದು, ಹಬ್ಬ ಶನಿವಾರವೇ ಬಿದ್ದರೆ ಮಾಮೂಲಿ ಪರಾಶಾ ಬದಿಗೆ ಸರಿದು ಹಬ್ಬದ ಓದು ಬರುತ್ತದೆ. ಕೆಲವು ಹಬ್ಬಗಳು ಇಸ್ರೇಲಿನಲ್ಲಿ ಒಂದು ದಿನ ಕಡಿಮೆ. ಹಾಗಾಗಿ ಒಮ್ಮೊಮ್ಮೆ ಕೆಲವು ವಾರಗಳ ಮಟ್ಟಿಗೆ ಜೆರುಸಲೇಮ್ ಒಂದು ಪರಾಶಾ ಮುಂದಿರುತ್ತದೆ, ನ್ಯೂಯಾರ್ಕ್ ಹಿಂದಿರುತ್ತದೆ. ಆನ್‌ಲೈನ್ ಗುಂಪಿನಲ್ಲಿ ಎರಡೂ ಕಡೆಯವರಿದ್ದರೆ ಯಾವ ಲೆಕ್ಕ ಹಿಡಿಯುತ್ತೀರಿ ಅಂತ ಮೊದಲೇ ಹೇಳಿಬಿಡಿ.

ಆನ್‌ಲೈನ್ ಅಂದಾಗ ಗಡಿಯಾರದ ವಿಷಯವೂ ಇದೆ. ಬೆಂಗಳೂರಿನ ರಾತ್ರಿ ಎಂಟೂವರೆ ಅಂದರೆ ನ್ಯೂಜೆರ್ಸಿಯಲ್ಲಿ ಬೇಸಿಗೆಯಲ್ಲಿ ಬೆಳಿಗ್ಗೆ 11, ಚಳಿಗಾಲದಲ್ಲಿ 10. ಮಾರ್ಚ್ ಮತ್ತು ನವೆಂಬರ್‌ನಲ್ಲಿ ಅಲ್ಲಿ ಗಡಿಯಾರ ಬದಲಾದ ವಾರ ಅರ್ಧ ಜನ ಒಂದು ಗಂಟೆ ಹಿಂದುಮುಂದಾಗಿ ಬರುತ್ತಾರೆ. ಹಿಂದಿನ ದಿನವೇ ವಾಟ್ಸಾಪ್‌ನಲ್ಲಿ ನೆನಪಿಸಿ. ಶಬ್ಬಾತ್ ಆಚರಿಸುವವರು ಗುಂಪಿನಲ್ಲಿದ್ದರೆ ಶುಕ್ರವಾರ ಸೂರ್ಯ ಮುಳುಗುವ ಹೊತ್ತಿನಿಂದ ಶನಿವಾರ ಕತ್ತಲಾಗುವವರೆಗೆ ಆನ್‌ಲೈನ್ ಕೂಟ ಬೇಡ, ಅವರು ಫೋನ್ ಮುಟ್ಟುವುದಿಲ್ಲ. ಬುಧವಾರ ಅಥವಾ ಗುರುವಾರ ಒಳ್ಳೆಯದು. ಶನಿವಾರದ ಊಟದ ಮೇಜಿಗೆ ಅವರ ಕೈಯಲ್ಲಿ ಒಂದು ಪ್ರಶ್ನೆ ಇರುತ್ತದೆ.

ಎಷ್ಟು ಓದಬೇಕು

ಪರಾಶಾಗಳು ಸಮ ಅಳತೆಯವಲ್ಲ. ಅರಣ್ಯಕಾಂಡದ ನಾಸೋ ಅನ್ನುವ ಪರಾಶಾದಲ್ಲಿ 176 ವಚನ. ಧರ್ಮೋಪದೇಶಕಾಂಡದ ವಯೇಲೆಖ್‌ನಲ್ಲಿ ಬರೀ 30. ಪೂರ್ತಿ ಪರಾಶಾವನ್ನು ಒಂದೇ ಕೂಟದಲ್ಲಿ ಚರ್ಚೆ ಮಾಡಲು ಹೊರಟರೆ ಯಾವುದಕ್ಕೂ ನ್ಯಾಯ ಸಿಗುವುದಿಲ್ಲ.

ಹಳೆಯ ಪದ್ಧತಿ ಹೀಗಿದೆ. ಮನೆಯಲ್ಲಿ ಪೂರ್ತಿ ಓದಬೇಕು, ಗುಂಪಿನಲ್ಲಿ ಸ್ವಲ್ಪವನ್ನೇ ಅಗೆಯಬೇಕು. ಬಾಬಿಲೋನಿನ ತಾಲ್ಮೂದ್‌ನಲ್ಲಿ, ಅಂದರೆ ಹಳೆಯ ಯೆಹೂದಿ ಗುರುಗಳ ಚರ್ಚೆಗಳ ಸಂಗ್ರಹದಲ್ಲಿ, ಒಂದು ಮಾತಿದೆ: ಸಮುದಾಯ ಓದುವ ಪರಾಶಾವನ್ನು ಅದೇ ಹೊತ್ತಿಗೆ ನೀನೂ ಓದಿ ಮುಗಿಸು, ಮೂಲವನ್ನು ಎರಡು ಸಲ, ಅರಮಾಯಿಕ್ ಅನುವಾದವನ್ನು ಒಂದು ಸಲ. ಆ ಕಾಲಕ್ಕೆ ಜನ ಆಡುತ್ತಿದ್ದದ್ದು ಅರಮಾಯಿಕ್. ಹೀಬ್ರೂ ಬಾರದ ನಾವು ಇದನ್ನು ಹೀಗೆ ಹೊಂದಿಸಿಕೊಳ್ಳಬಹುದು: ಕನ್ನಡದಲ್ಲಿ ಒಂದು ಸಲ, ಯೆಹೂದಿ ವಿದ್ವಾಂಸರು ಮಾಡಿದ ಇಂಗ್ಲಿಷ್ ಅನುವಾದದಲ್ಲಿ ಒಂದು ಸಲ. ಮತ್ತೆ ಕೂಟದಲ್ಲಿ ಚರ್ಚೆಗೆ ಬರುವ ಇಪ್ಪತ್ತು ವಚನವನ್ನು ಇನ್ನೊಂದು ಸಲ, ಬಾಯಿಬಿಟ್ಟು.

ಪೂರ್ತಿ ಓದಲು ಪುರುಸೊತ್ತಿಲ್ಲ ಅನ್ನುವವರಿಗೂ ದಾರಿ ಇದೆ. ಶನಿವಾರದ ಓದಿನಲ್ಲಿ ಪರಾಶಾವನ್ನು ಏಳು ತುಂಡು ಮಾಡಿ, ಒಂದೊಂದಕ್ಕೆ ಒಬ್ಬರನ್ನು ಸುರುಳಿಯ ಹತ್ತಿರ ಕರೆಯುತ್ತಾರೆ. ಇದಕ್ಕೆ ಅಲಿಯಾ ಅನ್ನುತ್ತಾರೆ. ಈ ಏಳನ್ನು ವಾರದ ಏಳು ದಿನಕ್ಕೆ ಹಂಚಿಕೊಳ್ಳುವವರು ಬಹಳ ಜನ. ಕಾಫಿ ಕುಡಿಯುವ ಹೊತ್ತಿನಲ್ಲಿ ಒಂದು ತುಂಡು ಮುಗಿಯುತ್ತದೆ. ಎಷ್ಟೋ ಸಿನಗಾಗ್‌ಗಳಲ್ಲಿ, ಮುಖ್ಯವಾಗಿ ಅಮೆರಿಕದ ಕನ್ಸರ್ವೇಟಿವ್ ಮತ್ತು ರಿಫಾರ್ಮ್ ಪಂಥದವರಲ್ಲಿ, ಪರಾಶಾದ ಮೂರನೇ ಒಂದು ಭಾಗವನ್ನಷ್ಟೇ ಓದುವುದೂ ಇದೆ. ಹಿಂದೆ ಇಸ್ರೇಲ್ ನಾಡಿನಲ್ಲಿ ಮೂರು ವರ್ಷಕ್ಕೊಂದು ಸುತ್ತು ಮುಗಿಸುತ್ತಿದ್ದರು. ಬಾಬಿಲೋನಿನವರ ಒಂದು ವರ್ಷದ ಸುತ್ತು ಆಮೇಲೆ ಎಲ್ಲ ಕಡೆ ನಿಂತಿತು.

ಕನ್ನಡ ಬೈಬಲ್ ಹಿಡಿದು ಕೂರುವಾಗ

ಕನ್ನಡದಲ್ಲಿ ಈ ಐದೂ ಪುಸ್ತಕ ಇದೆ ಅನ್ನುವುದು ನಮ್ಮ ಭಾಗ್ಯ. ಬಳಸಿ. ಆದರೆ ಅದು ಕ್ರೈಸ್ತ ಓದುಗರಿಗಾಗಿ ಆದ ಅನುವಾದ, ಅದಕ್ಕೆ ಮೂರು ಕಡೆ ಎಚ್ಚರ ಬೇಕು.

ದೇವರ ಹೆಸರು ಮೊದಲನೆಯದು. ಕನ್ನಡ ಬೈಬಲಿನಲ್ಲಿ ಸಾಲುಸಾಲಿಗೂ "ಯೆಹೋವನು" ಅಂತ ಬರುತ್ತದೆ. ಯೆಹೂದಿಯರು ಆ ನಾಲ್ಕಕ್ಷರದ ಹೆಸರನ್ನು ಬಾಯಲ್ಲಿ ಹೇಳುವುದಿಲ್ಲ. ಪ್ರಾರ್ಥನೆಯಲ್ಲಿ "ಅದೋನಾಯ್", ಮಾತಿನಲ್ಲಿ "ಹಾಶೆಮ್" ಅನ್ನುತ್ತಾರೆ. ಗಟ್ಟಿಯಾಗಿ ಓದುವಾಗ ನೀವು "ದೇವರು" ಅಥವಾ "ಕರ್ತ" ಅಂದರೆ ಸಾಕು. ಮನೆಯಲ್ಲಿ ಒಂದು ಸಲ ಓದಿ ಅಭ್ಯಾಸ ಮಾಡಿಕೊಳ್ಳಿ, ಇಲ್ಲದಿದ್ದರೆ ಓದುವ ಓಟದಲ್ಲಿ ಬಾಯಿಗೆ ಬಂದುಬಿಡುತ್ತದೆ.

ಎರಡನೆಯದು ವಚನ ಸಂಖ್ಯೆ. ಕೆಲವು ಕಡೆ ಹೀಬ್ರೂ ಮುದ್ರಣಕ್ಕೂ ನಮ್ಮ ಮುದ್ರಣಕ್ಕೂ ಒಂದೆರಡು ವಚನದ ವ್ಯತ್ಯಾಸ. ಯಾಕೋಬ ಅಣ್ಣ ಏಸಾವನ ಹತ್ತಿರ ದೂತರನ್ನು ಕಳಿಸುವುದು ಹೀಬ್ರೂವಿನಲ್ಲಿ ಆದಿಕಾಂಡ 32:4, ಕನ್ನಡದಲ್ಲಿ ಸಾಮಾನ್ಯವಾಗಿ 32:3. ಯಾಜಕಕಾಂಡದ 6ನೇ ಅಧ್ಯಾಯದ ಮೊದಲ ಏಳು ವಚನ ಅವರಲ್ಲಿ 5ನೇ ಅಧ್ಯಾಯದ ಬಾಲ. ಗೊತ್ತಿಲ್ಲದಿದ್ದರೆ ಕೂಟದ ಹತ್ತು ನಿಮಿಷ "ಎಲ್ಲಿದೀರಿ? ಯಾವ ಪುಟ?" ಅನ್ನುವುದರಲ್ಲೇ ಹೋಗುತ್ತದೆ.

ಮೂರನೆಯದು ಅಧ್ಯಾಯದ ನಡುವೆ ದಪ್ಪ ಅಕ್ಷರದಲ್ಲಿರುವ ತಲೆಬರಹಗಳು. ಅವು ಮೂಲದಲ್ಲಿಲ್ಲ, ಮುದ್ರಿಸಿದವರು ಹಾಕಿದ್ದು. ಓದುವ ಮೊದಲೇ ಇದು ಯಾವುದರ ಕಥೆ ಅಂತ ಹೇಳಿಬಿಡುತ್ತವೆ. ನೋಡದೆ ಮುಂದೆ ಹೋಗಿ.

ವ್ಯಾಖ್ಯಾನಗಳಿಗೆ ಸೆಫಾರಿಯಾ ಆ್ಯಪ್ ಇದೆ, ದುಡ್ಡು ಕೊಡಬೇಕಾಗಿಲ್ಲ. ವಚನ ಒತ್ತಿದರೆ ಅದರ ಮೇಲೆ ಯಾರು ಯಾರು ಏನು ಬರೆದಿದ್ದಾರೆ ಅಂತ ಸಾಲಾಗಿ ಬರುತ್ತದೆ, ಹೀಬ್ರೂ ಮತ್ತು ಬಹಳಷ್ಟಕ್ಕೆ ಇಂಗ್ಲಿಷ್. ಗುಂಪಿನಲ್ಲಿ ಒಬ್ಬರು ಇಂಗ್ಲಿಷ್ ಓದಿ ಕನ್ನಡದಲ್ಲಿ ಸಾರ ಹೇಳಲಿ. ವಾರಕ್ಕೊಬ್ಬರು ಈ ಕೆಲಸ ಮಾಡಲಿ, ಒಬ್ಬರ ತಲೆಗೇ ಕಟ್ಟಬೇಡಿ.

ಹಾಳೆ ತಯಾರಿ

ಕೂಟದ ಅರ್ಧ ಕೆಲಸ ಒಂದು ಹಾಳೆಯಲ್ಲಿದೆ. ಅದರ ಒಂದು ಬದಿಯಲ್ಲಿ ಹದಿನೈದರಿಂದ ಇಪ್ಪತ್ತು ವಚನ. ಇನ್ನೊಂದು ಬದಿಯಲ್ಲಿ ಒಂದು ಪ್ರಶ್ನೆ, ಅದರ ಕೆಳಗೆ ಇಬ್ಬರು ವ್ಯಾಖ್ಯಾನಕಾರರ ಒಂದೆರಡು ಸಾಲು. ಇಬ್ಬರೂ ಒಂದೇ ಮಾತು ಹೇಳುತ್ತಿದ್ದರೆ ಒಬ್ಬರನ್ನು ತೆಗೆದು, ಜಗಳ ಆಡುವವರನ್ನು ಹಾಕಿ.

ಇಂಥ ಹಾಳೆಯ ವಿಷಯ ಬಂದರೆ ನೆಹಾಮಾ ಲೈಬೊವಿಟ್ಜ್ ಅವರ ಹೆಸರು ಹೇಳದೆ ಆಗುವುದಿಲ್ಲ. 1905ರಲ್ಲಿ ರೀಗಾದಲ್ಲಿ ಹುಟ್ಟಿ, ಜೆರುಸಲೇಮಿನಲ್ಲಿ ಪಾಠ ಹೇಳಿದ ಮೇಷ್ಟರಮ್ಮ. 1942ರಿಂದ ಸುಮಾರು 30 ವರ್ಷ ವಾರವಾರ ಪರಾಶಾದ ಮೇಲೆ ಪ್ರಶ್ನೆಯ ಹಾಳೆ ತಯಾರಿಸಿ ಅಂಚೆಯಲ್ಲಿ ಕಳಿಸಿದರು. ಜನ ಉತ್ತರ ಬರೆದು ವಾಪಸ್ ಕಳಿಸುವುದು, ಇವರು ಕೆಂಪು ಶಾಯಿಯಲ್ಲಿ ತಿದ್ದಿ ಮತ್ತೆ ಕಳಿಸುವುದು. ಕಷ್ಟದ ಪ್ರಶ್ನೆಗೆ ಒಂದು ಗುರುತು, ತುಂಬಾ ಕಷ್ಟದ್ದಕ್ಕೆ ಎರಡು. ಅವರ ಹಾಳೆಯಲ್ಲಿ ಉತ್ತರ ಇರುತ್ತಿರಲಿಲ್ಲ. 1956ರಲ್ಲಿ ಇಸ್ರೇಲ್ ಪ್ರಶಸ್ತಿಯೂ ಬಂತು.

ಅವರು ಮತ್ತೆ ಮತ್ತೆ ಕೇಳುತ್ತಿದ್ದ ಪ್ರಶ್ನೆ, ಈ ವಚನದಲ್ಲಿ ರಾಶಿಗೆ ಏನು ತೊಡಕಾಯಿತು ಅನ್ನುವುದು. ರಾಶಿ ಅಂದರೆ ನಮ್ಮ ಜಾತಕದ ರಾಶಿ ಅಲ್ಲ! ಫ್ರಾನ್ಸಿನ ಟ್ರೊಯಾ ಊರಿನ ರಬ್ಬಿ (ಯೆಹೂದಿ ಧರ್ಮಗುರು) ಶ್ಲೋಮೊ ಯಿತ್ಸ್‌ಹಾಕಿ, 1040ರಿಂದ 1105ರವರೆಗೆ ಇದ್ದವರು. ತೋರಾಕ್ಕೆ ಎಲ್ಲರೂ ಮೊದಲು ತೆರೆಯುವ ವ್ಯಾಖ್ಯಾನ ಅವರದ್ದೇ. ಅವರು ಸುಮ್ನೆ ಬರೆಯುವವರಲ್ಲ. ಒಂದು ವಚನದ ಮೇಲೆ ಅವರ ಟಿಪ್ಪಣಿ ಇದೆ ಅಂದರೆ ಅಲ್ಲಿ ಏನೋ ಎಡವುತ್ತದೆ ಅಂತ ಅರ್ಥ. ಉತ್ತರ ಓದುವ ಮೊದಲು ಆ ಎಡವುವ ಜಾಗ ಹುಡುಕಿ. ಇಷ್ಟು ಕಲಿತರೆ ಹಾಳೆ ತಯಾರಿಸುವುದು ಬಂದ ಹಾಗೆ.

ಒಂದು ವಾರವನ್ನು ಹತ್ತಿರದಿಂದ ನೋಡೋಣ

ವರ್ಷದ ಐದನೇ ಪರಾಶಾ, ಹಾಯೇ ಸಾರಾ. ಸಾಮಾನ್ಯವಾಗಿ ನವೆಂಬರ್ ಹೊತ್ತಿಗೆ ಬರುತ್ತದೆ. ಆದಿಕಾಂಡ 23:1ರಿಂದ 25:18ರವರೆಗೆ, 105 ವಚನ. ಇದರ ನಡುವಿನ 24ನೇ ಅಧ್ಯಾಯ ನಮ್ಮವರಿಗೆ ಹೇಳಿ ಮಾಡಿಸಿದ್ದು, ಯಾಕಂದರೆ ಅದು ಹೆಣ್ಣು ನೋಡುವ ಶಾಸ್ತ್ರ.

ಅಬ್ರಹಾಮನಿಗೆ ವಯಸ್ಸಾಗಿದೆ. ಮಗ ಇಸಾಕನಿಗೆ ಕಾನಾನಿನ ಹೆಣ್ಣು ಬೇಡ, ನನ್ನ ಹುಟ್ಟಿದೂರಿನಿಂದ ತಾ ಅಂತ ಹಿರಿಯ ಸೇವಕನ ಕೈಯಲ್ಲಿ ಆಣೆ ಹಾಕಿಸಿಕೊಳ್ಳುತ್ತಾನೆ. ಸೇವಕ ಹತ್ತು ಒಂಟೆ ಹೊಡೆದುಕೊಂಡು ನಾಹೋರನ ಊರಿಗೆ ಹೋಗಿ, ಸಂಜೆ ಬಾವಿಯ ಹತ್ತಿರ ನಿಂತು ದೇವರನ್ನು ಬೇಡಿಕೊಳ್ಳುತ್ತಾನೆ: ನಾನು ನೀರು ಕೇಳಿದಾಗ ಯಾವ ಹುಡುಗಿ "ಕುಡಿ, ನಿನ್ನ ಒಂಟೆಗಳಿಗೂ ಕೊಡ್ತೀನಿ" ಅನ್ನುತ್ತಾಳೋ ಅವಳೇ ಆಗಲಿ. ರೆಬೆಕ್ಕ ಬರುತ್ತಾಳೆ, ಹಾಗೇ ಹೇಳುತ್ತಾಳೆ. ಆಮೇಲೆ ಸೇವಕ ಅವಳ ಮನೆಗೆ ಹೋಗಿ, ಅನ್ನ ಮುಟ್ಟುವ ಮೊದಲು, ನಡೆದದ್ದನ್ನೆಲ್ಲ ಅವಳ ಅಣ್ಣ ಲಾಬಾನನಿಗೂ ಮನೆಯವರಿಗೂ ಹೇಳುತ್ತಾನೆ.

ಇಲ್ಲೇ ತಮಾಷೆ ಇರುವುದು. ಕಥೆ ಎರಡು ಸಲ ಬರುತ್ತದೆ. ಒಮ್ಮೆ ನಡೆದದ್ದು, ಒಮ್ಮೆ ಅವನು ಹೇಳಿದ್ದು. ಅವಸರದವರು "ಅದೇ ಮತ್ತೆ ಬಂತು" ಅಂತ ಹಾರಿಸುತ್ತಾರೆ. ಹಾಳೆಯಲ್ಲಿ ಎರಡನ್ನೂ ಅಕ್ಕಪಕ್ಕ ಹಾಕಿ. ಎಡಗಡೆ 24:2ರಿಂದ 27 ವರೆಗಿನ ಮುಖ್ಯ ವಚನ, ಬಲಗಡೆ 34ರಿಂದ 49. ಪ್ರಶ್ನೆ ಒಂದೇ: ಸೇವಕ ಏನು ಬದಲಾಯಿಸಿದ, ಯಾಕೆ?

ಪೆನ್ಸಿಲ್ ಹಿಡಿದು ಕೂತರೆ ಒಂದೊಂದೇ ಸಿಗುತ್ತದೆ. ಅಬ್ರಹಾಮ ಹೇಳಿದ್ದು "ನನ್ನ ದೇಶಕ್ಕೆ, ನನ್ನ ಹುಟ್ಟೂರಿಗೆ ಹೋಗು" ಅಂತ. ಸೇವಕ ಅವರ ಮನೆಯಲ್ಲಿ ಹೇಳುವಾಗ ಅದು "ನನ್ನ ತಂದೆಯ ಮನೆಗೆ, ನನ್ನ ಕುಟುಂಬದವರ ಹತ್ತಿರ ಹೋಗು" ಆಗುತ್ತದೆ. ಬೀಗರಿಗೆ ಇದು ಎಷ್ಟು ಹಿತವಾಗಿ ಕೇಳಿಸಿರಬೇಕು! "ನನ್ನ ಮಗನನ್ನು ಮಾತ್ರ ಅಲ್ಲಿಗೆ ವಾಪಸ್ ಕರಕೊಂಡು ಹೋಗಬೇಡ" ಅಂತ ಅಬ್ರಹಾಮ ಎರಡು ಸಲ ಒತ್ತಿ ಹೇಳಿದ್ದ. ಸೇವಕ ಆ ಮಾತನ್ನೇ ಎತ್ತುವುದಿಲ್ಲ. ನಮ್ಮ ಯಜಮಾನರಿಗೆ ನಿಮ್ಮ ಊರಿಗೆ ಮಗನನ್ನು ಕಳಿಸಲು ಇಷ್ಟವಿಲ್ಲ ಅಂತ ಹೆಣ್ಣಿನ ಮನೆಯಲ್ಲಿ ಕೂತು ಯಾವ ಮದುವೆ ದಲ್ಲಾಳಿ ಹೇಳುತ್ತಾನೆ? ಬದಲಿಗೆ ಮೊದಲ ಕಥೆಯಲ್ಲಿ ಇಲ್ಲದ್ದೊಂದನ್ನು ಸೇರಿಸುತ್ತಾನೆ: ಯಜಮಾನರು ಇದ್ದದ್ದೆಲ್ಲ ಈ ಮಗನಿಗೇ ಕೊಟ್ಟಿದ್ದಾರೆ.

ಎಲ್ಲಕ್ಕಿಂತ ಚೂಪಾದದ್ದು ಒಡವೆಯ ವಿಷಯ. ಬಾವಿಯ ಹತ್ತಿರ ನಡೆದದ್ದು ಹೀಗೆ: ಒಂಟೆಗಳು ಕುಡಿದು ಮುಗಿಸಿದ ಮೇಲೆ ಸೇವಕ ಚಿನ್ನದ ಮೂಗುತಿ, ಎರಡು ಬಳೆ ತೆಗೆದ (22). ಆಮೇಲೆ "ನೀನು ಯಾರ ಮಗಳು?" ಅಂತ ಕೇಳಿದ (23). ಮನೆಯಲ್ಲಿ ಹೇಳುವಾಗ ಉಲ್ಟಾ: ಯಾರ ಮಗಳು ಅಂತ ಮೊದಲು ಕೇಳಿದೆ, ಆಮೇಲೆ ತೊಡಿಸಿದೆ (47). ರಾಶಿ ಇದನ್ನು ಹಿಡಿಯುತ್ತಾರೆ. ಅವರ ಪ್ರಕಾರ ಸೇವಕ ಮೊದಲೇ ಕೊಟ್ಟಿದ್ದ, ದೇವರು ದಾರಿ ತೋರಿಸಿದ್ದಾನೆ ಅನ್ನುವ ನಂಬಿಕೆ ಅವನಿಗಿತ್ತು. ಆದರೆ ಮನೆಯವರು "ಯಾರು ಅಂತ ಗೊತ್ತಿಲ್ಲದೆ ಹೇಗೆ ಕೊಟ್ಟೆ?" ಅಂತ ಹಿಡಿದುಕೊಳ್ಳಬಾರದು ಅಂತ ಕ್ರಮ ಬದಲಿಸಿದ. ಇದನ್ನು ಒಪ್ಪದವರೂ ಇದ್ದಾರೆ. 22ನೇ ವಚನದ ಹೀಬ್ರೂವಿನಲ್ಲಿ ಒಡವೆ ತೆಗೆದ ಅಂತಷ್ಟೇ ಇದೆ, ತೊಡಿಸಿದ ಅಂತ ಇಲ್ಲ. ಹಾಗಾದರೆ ಕೈಯಲ್ಲಿ ಹಿಡಿದುಕೊಂಡು ಕೇಳಿ, ಉತ್ತರ ಬಂದ ಮೇಲೆ ತೊಡಿಸಿರಬಹುದಲ್ಲ? ಆಗ ಅವನ ಮಾತಿನಲ್ಲಿ ಬದಲಾವಣೆಯೇ ಇಲ್ಲ. ಯಾವುದು ಸರಿ? ಗುಂಪು ಎರಡು ಬಣ ಆಗುತ್ತದೆ. ಹಾಳೆ ಮಾಡಿದವರು ಈ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡಿರಬೇಕು.

ಇನ್ನೂ ಒಂದನ್ನು ಗಮನಿಸಿ. ಹೀಬ್ರೂ ಗೊತ್ತಿಲ್ಲದವರು ಹಿಂದೆ ಕೂರುತ್ತಾರೆ, ನಮಗೇನು ಗೊತ್ತು ಅಂತ. ಆದರೆ ಈ ಅಧ್ಯಾಯದಲ್ಲಿ ರೆಬೆಕ್ಕ ಬುಗ್ಗೆಗೆ ಇಳಿದು, ಕೊಡ ತುಂಬಿಸಿ, ಹತ್ತಿ ಬಂದಳು ಅಂತಿದೆ. ಬಾಯಾರಿದ ಒಂಟೆ ಒಂದೇ ಸಲಕ್ಕೆ ನೂರು ಲೀಟರ್ ಹತ್ತಿರ ಕುಡಿಯಬಲ್ಲದು. ಹತ್ತು ಒಂಟೆಗೆ ಎಷ್ಟು ಕೊಡ, ಎಷ್ಟು ಸಲ ಇಳಿದು ಹತ್ತಬೇಕು? ಚಿಕ್ಕಂದಿನಲ್ಲಿ ಬಾವಿ ನೀರು ಹೊತ್ತವರು ಒಬ್ಬರಿದ್ದರೆ ಸಾಕು, ಆ ಹುಡುಗಿಯ ಮಾತಿನ ತೂಕ ಎಷ್ಟು ಅಂತ ಅವರೇ ಹೇಳುತ್ತಾರೆ. ಅಷ್ಟು ಹೊತ್ತೂ ಸೇವಕ ಸುಮ್ನೆ ನಿಂತು ನೋಡುತ್ತಿದ್ದ ಅಂತ 21ನೇ ವಚನ ಹೇಳುತ್ತದೆ. ಕೈಜೋಡಿಸಲಿಲ್ಲ ಯಾಕೆ ಅನ್ನುವುದು ಮುಂದಿನ ವರ್ಷದ ಹಾಳೆಗೆ ಆಗುತ್ತದೆ.

ಇಬ್ಬಿಬ್ಬರಾಗಿ ಕೂರಿಸಿ

ಕೂಟ ಒಂದೂಕಾಲು ಗಂಟೆ ಅಂತ ಇಟ್ಟುಕೊಳ್ಳಿ. ಮೊದಲ ಹತ್ತು ನಿಮಿಷ ಹಾಳೆಯ ವಚನಗಳನ್ನು ಒಬ್ಬೊಬ್ಬರು ನಾಲ್ಕು ನಾಲ್ಕರಂತೆ ಗಟ್ಟಿಯಾಗಿ ಓದಲಿ. ಆಮೇಲೆ ಇಪ್ಪತ್ತೈದು ನಿಮಿಷ ಜೋಡಿ ಓದು. ಇದಕ್ಕೆ ಹವ್ರುತಾ ಅನ್ನುತ್ತಾರೆ. ಇಬ್ಬರು ಎದುರುಬದುರು ಕೂತು, ಒಬ್ಬರು ಓದಿ ಅರ್ಥ ಹೇಳುವುದು, ಇನ್ನೊಬ್ಬರು "ಎಲ್ಲಿದೆ ತೋರಿಸು" ಅನ್ನುವುದು. ಯೆಶಿವಾಗಳಲ್ಲಿ, ಅಂದರೆ ಅವರ ಪಾಠಶಾಲೆಗಳಲ್ಲಿ, ಇಡೀ ಹಾಲ್ ಸಂತೆಯಂತೆ ಗದ್ದಲ ಇರುತ್ತದೆ, ಯಾರೂ ಸುಮ್ಮನಿರಿ ಅನ್ನುವುದಿಲ್ಲ. ತಾಲ್ಮೂದ್‌ನಲ್ಲಿ ಒಬ್ಬ ಗುರು ಹೇಳುತ್ತಾರೆ: ಗುರುಗಳಿಂದ ಬಹಳ ಕಲಿತೆ, ಜೊತೆಯವರಿಂದ ಅದಕ್ಕಿಂತ ಜಾಸ್ತಿ, ಶಿಷ್ಯರಿಂದ ಎಲ್ಲರಿಗಿಂತ ಜಾಸ್ತಿ.

ಗಂಡ ಹೆಂಡತಿಯನ್ನು ಒಂದೇ ಜೋಡಿ ಮಾಡಬೇಡಿ. ಹೊಸಬರನ್ನು ತುಂಬಾ ಓದಿಕೊಂಡವರ ಜೊತೆಗೂ ಹಾಕಬೇಡಿ, ಅವರು ಪಾಠ ಶುರು ಮಾಡಿಬಿಡುತ್ತಾರೆ.

ನಮ್ಮ ಗಮಕ ಕೇಳಿದವರಿಗೆ ಇದರ ಅರ್ಧ ಪರಿಚಯವಿದೆ. ಅಲ್ಲಿ ಒಬ್ಬರು ರಾಗವಾಗಿ ವಾಚನ ಮಾಡುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಹೇಳುತ್ತಾರೆ. ಸಿನಗಾಗ್‌ನಲ್ಲೂ ಹಿಂದೆ ಹೀಗೇ ಇತ್ತು, ವಚನ ಓದಿದ ಕೂಡಲೇ ಪಕ್ಕದಲ್ಲಿ ನಿಂತವನು ಜನರ ಭಾಷೆಯಲ್ಲಿ ಹೇಳುತ್ತಿದ್ದ. ಆದರೆ ಗಮಕದಲ್ಲಿ ನಾವು ಕೈಕಟ್ಟಿ ಕೇಳುತ್ತೇವೆ. ಹವ್ರುತಾದಲ್ಲಿ ಕೇಳುವವರು ನಡುವೆ ಬಾಯಿ ಹಾಕಲೇಬೇಕು. ಹಿರಿಯರ ಮಾತಿಗೆ ಎದುರಾಡಬಾರದು ಅಂತ ಬೆಳೆದ ನಮಗೆ ಇದು ಕಷ್ಟ. "ಸರ್, ನೀವು ಹೇಳೋದು ಸರಿ, ಆದ್ರೆ..." ಅಂತ ಶುರು ಮಾಡಿ ಅಲ್ಲೇ ನಿಲ್ಲಿಸುತ್ತೇವೆ. ವಚನ ಸಂಖ್ಯೆ ಹೇಳಿ ಎದುರಾಡಿದರೆ ಅದು ಅಗೌರವ ಅಲ್ಲ ಅಂತ ಮೊದಲ ದಿನವೇ ಎಲ್ಲರಿಗೂ ತಿಳಿಸಿ.

ಜೋಡಿ ಓದು ಮುಗಿದ ಮೇಲೆ ಎಲ್ಲರೂ ಸೇರಿ ಅರ್ಧ ಗಂಟೆ. ವ್ಯಾಖ್ಯಾನ ಈಗ ತೆರೆಯಿರಿ, ಮೊದಲು ಬೇಡ. ರಾಶಿ ಮೊದಲೇ ಬಂದರೆ ಎಲ್ಲರೂ "ಹೌದಲ್ಲ" ಅಂತ ಮುಗಿಸುತ್ತಾರೆ. ಉಳಿದ ಹತ್ತು ನಿಮಿಷ "ನಮ್ಮಲ್ಲೂ ಹೀಗೆ" ಅನ್ನುವ ಮಾತಿಗೆ ಬಿಡಿ. ಅದನ್ನು ತಡೆಯಲು ಆಗುವುದಿಲ್ಲ, ಹಾಗಾಗಿ ಜಾಗ ಕೊಟ್ಟು ಬೇಲಿ ಹಾಕುವುದು ಮೇಲು. ಅರಣ್ಯಕಾಂಡ 27ರಲ್ಲಿ ಚೆಲೋಫಹಾದನ ಐವರು ಹೆಣ್ಣುಮಕ್ಕಳು ಮೋಶೆಯ ಮುಂದೆ ನಿಂತು ಅಪ್ಪನ ಆಸ್ತಿಯಲ್ಲಿ ಪಾಲು ಕೇಳುತ್ತಾರೆ. ಆ ವಾರ ನಮ್ಮ ಮನೆಗಳ ಪಾಲುಪಟ್ಟಿ, 1994ರಲ್ಲಿ ಕರ್ನಾಟಕದಲ್ಲಿ ಬಂದ ಹೆಣ್ಣುಮಕ್ಕಳ ಹಕ್ಕಿನ ಕಾನೂನು ಎಲ್ಲ ಮಾತಿಗೆ ಬಂದೇ ಬರುತ್ತದೆ. ಬರಲಿ, ಆದರೆ ಕೊನೆಯಲ್ಲಿ. ಮೊದಲೇ ಬಂದರೆ ಆ ಐವರು ಏನು ವಾದ ಮಾಡಿದರು ಅನ್ನುವುದನ್ನು ಯಾರೂ ಓದುವುದಿಲ್ಲ.

ಅವರ ಜಾಗಕ್ಕೆ ಹೋಗುವಾಗ

ಮೊದಲು ಫೋನ್ ಮಾಡಿ. ಎಷ್ಟೋ ಸಿನಗಾಗ್‌ಗಳಲ್ಲಿ ಬಾಗಿಲಲ್ಲಿ ಕಾವಲು ಇರುತ್ತದೆ, ಗುರುತು ಚೀಟಿ ಕೇಳಬಹುದು, ದೊಡ್ಡ ಬ್ಯಾಗ್ ಬೇಡ. ಓದಿನ ಗುಂಪು ಎಲ್ಲರಿಗೂ ತೆರೆದಿದೆಯೋ ಅಂತ ಕೇಳಿಕೊಳ್ಳಿ. ರಿಫಾರ್ಮ್ ಸಿನಗಾಗ್‌ಗಳಲ್ಲಿ ಬಹುಪಾಲು ಬನ್ನಿ ಅನ್ನುತ್ತಾರೆ. ಸಂಪ್ರದಾಯಸ್ಥರಾದ ಆರ್ಥೊಡಾಕ್ಸ್ ಪಂಥದ ಕಡೆ ರಬ್ಬಿಯವರನ್ನು ಕೇಳಬೇಕಾಗಬಹುದು.

ಗಂಡಸರು ತಲೆಗೆ ಟೋಪಿ ಹಾಕಬೇಕು, ಬಾಗಿಲ ಹತ್ತಿರ ಇಟ್ಟಿರುತ್ತಾರೆ. ಶಬ್ಬಾತ್ ದಿನ ಫೋನ್ ಜೇಬಿನಿಂದ ತೆಗೆಯಬೇಡಿ, ಬರೆದುಕೊಳ್ಳಲೂ ಬೇಡಿ. ಬರೆಯುವುದೂ ಅವತ್ತು ನಿಷಿದ್ಧ. ಪುಟದಲ್ಲಿ ಚೂರು ಕಾಗದ ಇಟ್ಟು ಗುರುತು ಮಾಡಿಕೊಳ್ಳುತ್ತಾರೆ, ಹಾಗೇ ಮಾಡಿ. ಐದು ಪುಸ್ತಕ ಸೇರಿದ ಮುದ್ರಿತ ಸಂಪುಟಕ್ಕೆ ಹುಮಾಶ್ ಅನ್ನುತ್ತಾರೆ. ಅದನ್ನು ನೆಲದ ಮೇಲೆ ಇಡಬಾರದು, ಕವುಚಿ ಹಾಕಬಾರದು, ಬಿದ್ದರೆ ಎತ್ತಿ ಮುತ್ತಿಡುತ್ತಾರೆ. ಪುಸ್ತಕ ಕಾಲಿಗೆ ತಾಗಿದರೆ ಕಣ್ಣಿಗೊತ್ತಿಕೊಳ್ಳುವ ನಮಗೆ ಇದನ್ನು ಕಲಿಸಬೇಕಾಗಿಲ್ಲ. ದೇವರ ಹೆಸರು ಅಚ್ಚಾದ ಹಾಳೆಯನ್ನು ಕಸಕ್ಕೆ ಹಾಕುವುದಿಲ್ಲ. ಅದಕ್ಕೆಂದೇ ಇಟ್ಟ ಪೆಟ್ಟಿಗೆಗೆ ಹಾಕಿ, ಆಮೇಲೆ ಹೂಳುತ್ತಾರೆ.

ತಿಂಡಿಯ ವಿಷಯದಲ್ಲಿ ನಮ್ಮವರು ಎಡವುತ್ತಾರೆ. "ನಾವು ಪಕ್ಕಾ ಸಸ್ಯಾಹಾರಿ, ಕೋಡುಬಳೆ ತಂದಿದೀವಿ, ಇದಕ್ಕೇನು ತೊಂದರೆ?" ತೊಂದರೆ ಇದೆ. ಕೋಶರ್ ಅನ್ನುವುದು, ಅಂದರೆ ಅವರ ಆಹಾರದ ನಿಯಮ, ಪದಾರ್ಥದ್ದಷ್ಟೇ ಲೆಕ್ಕ ಅಲ್ಲ, ಪಾತ್ರೆ, ಒಲೆ, ಅಡುಗೆಮನೆ ಎಲ್ಲದರದ್ದು. ಕೋಶರ್ ಮುದ್ರೆ ಇರುವ ಒಡೆಯದ ಪೊಟ್ಟಣ ತನ್ನಿ, ಏನು ತರಲಿ ಅಂತ ಕೇಳಿ ತನ್ನಿ, ಅಥವಾ ಕೈಬೀಸಿಕೊಂಡು ಹೋಗಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಇನ್ನೊಂದು ಮಾತು, ಸ್ವಲ್ಪ ನೇರವಾಗಿ. ಕ್ರೈಸ್ತರಾಗಿದ್ದರೆ ಪ್ರತಿ ವಚನದಲ್ಲೂ ಯೇಸುವನ್ನು ತೋರಿಸಲು ಹೋಗಬೇಡಿ. ಹಿಂದೂಗಳಾಗಿದ್ದರೆ "ಇದು ನಮ್ಮ ಉಪನಿಷತ್ತಲ್ಲೂ ಇದೆ" ಅಂತ ಪ್ರತಿ ವಚನಕ್ಕೂ ಹೇಳಬೇಡಿ. ಎರಡೂ ಒಂದೇ ಅಭ್ಯಾಸ, ಎದುರಿಗಿರುವುದನ್ನು ಓದದೆ ಇರುವುದು.

ಒಣ ವಾರಗಳು, ಕಹಿ ವಾರಗಳು

ಚಳಿಗಾಲದ ಕೊನೆಗೆ ದೇವರ ಆರಾಧನೆಯ ಗುಡಾರದ ಅಳತೆ, ಕಂಬ, ಪರದೆ, ಕೊಕ್ಕೆ. ಆಮೇಲೆ ಬಲಿಗಳು. ವಸಂತದಲ್ಲಿ ತಜ್ರಿಯಾ, ಮೆತ್ಸೋರಾ ಅನ್ನುವ ಎರಡು ಪರಾಶಾ, ಹೆಚ್ಚಾಗಿ ಜೋಡಿಯಾಗಿ: ಚರ್ಮದ ಮಚ್ಚೆ, ಬಟ್ಟೆಯ ಬೂಷ್ಟು, ಗೋಡೆಯ ಕಲೆ. ಜನ ಕಡಿಮೆಯಾಗುವುದು ಈ ವಾರಗಳಲ್ಲೇ. ಒಣಗಿದೆ ಅಂತ ಬಿಟ್ಟು ಹಾರಬೇಡಿ. ಹಾಳೆಯನ್ನು ಇನ್ನೂ ಚಿಕ್ಕದು ಮಾಡಿ, ಐದೇ ವಚನ. ಯಾಜಕಕಾಂಡ 14ರಲ್ಲಿ ಗೋಡೆಯಲ್ಲಿ ಕಲೆ ಬಂದ ಮನೆಗೆ ಯಾಜಕ ಬರುವ ಮೊದಲೇ ಸಾಮಾನೆಲ್ಲ ಹೊರಗೆ ಇಡಿಸಬೇಕು ಅಂತಿದೆ, ಅವನು ಬಂದು ಅಶುದ್ಧ ಅಂದುಬಿಟ್ಟರೆ ಒಳಗಿರುವುದೆಲ್ಲ ಅಶುದ್ಧ ಆಗುತ್ತದೆ. ನಿಯಮ ಮಾಡಿದವರೇ ನಿಯಮದಿಂದ ತಪ್ಪಿಸಿಕೊಳ್ಳಲು ಹೊತ್ತು ಕೊಡುತ್ತಿದ್ದಾರಲ್ಲ, ಯಾಕೆ? ಒಂದು ಗಂಟೆಗೆ ಧಾರಾಳ ಸಾಕು.

ಕಹಿ ವಾರಗಳದ್ದು ಬೇರೆ ಕಥೆ. ಅರಣ್ಯಕಾಂಡ 31ರಲ್ಲಿ ಮಿದ್ಯಾನರ ಮೇಲೆ ಯುದ್ಧ ಇದೆ, ಸೆರೆಸಿಕ್ಕ ಹೆಂಗಸರನ್ನೂ ಗಂಡುಮಕ್ಕಳನ್ನೂ ಕೊಲ್ಲಿ ಅನ್ನುವ ಆಜ್ಞೆ ಇದೆ. ಇದನ್ನು ಸಿಹಿ ಮಾಡಲು ಹೊರಡಬೇಡಿ, ಎದ್ದು ಹೋಗಬೇಕು ಅನ್ನುವವರನ್ನು ತಡೆಯಲೂ ಬೇಡಿ. ಆ ವಾರ ಒಬ್ಬ ಅನುಭವಸ್ಥ ರಬ್ಬಿ ಅಥವಾ ಬಹಳ ವರ್ಷ ಓದಿದವರನ್ನು ಕರೆದರೆ ಒಳ್ಳೆಯದು. ಹಳೆಯ ವ್ಯಾಖ್ಯಾನಕಾರರು ಈ ಭಾಗದಲ್ಲಿ ಎಷ್ಟು ಒದ್ದಾಡಿದ್ದಾರೆ ಅಂತ ಅವರು ತೋರಿಸಬಲ್ಲರು. ಇಲ್ಲಿ ಒಮ್ಮತ ಬಾರದೆ ಕೂಟ ಮುಗಿದರೂ ಪರವಾಗಿಲ್ಲ.

ಯಾವಾಗ ಶುರು ಮಾಡುವುದು

ಸುತ್ತು ಮುಗಿಯುವುದು ಸಿಮ್ಹಾತ್ ತೋರಾ ಹಬ್ಬಕ್ಕೆ, ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್‌ನಲ್ಲಿ. ಅವತ್ತು ಸುರುಳಿ ಹೊತ್ತು ಕುಣಿಯುತ್ತಾರೆ. ಮೋಶೆ ಸಾಯುವ ಕೊನೆಯ ಅಧ್ಯಾಯ ಓದಿ, ಉಸಿರು ಬಿಡದೆ ಆದಿಕಾಂಡದ ಮೊದಲ ಅಧ್ಯಾಯಕ್ಕೆ ಬರುತ್ತಾರೆ. ಅದಕ್ಕೇ ಎಲ್ಲರೂ "ಅಕ್ಟೋಬರ್‌ನಲ್ಲಿ ಶುರು ಮಾಡೋಣ" ಅನ್ನುತ್ತಾರೆ. ಕಾಯಬೇಡಿ. ಅಕ್ಟೋಬರ್ ಬರುವ ಹೊತ್ತಿಗೆ ಉತ್ಸಾಹ ಆರಿರುತ್ತದೆ. ಸುತ್ತಿಗೆ ಯಾವ ವಾರ ಬೇಕಾದರೂ ಸೇರಬಹುದು. ತಪ್ಪಿದ ವಾರಗಳನ್ನು ಹಿಂದಿನಿಂದ ತುಂಬಿಸಲೂ ಹೋಗಬೇಡಿ, ಮುಂದಿನ ವರ್ಷ ಅವೇ ಬರುತ್ತವೆ.

ಒಂದೇ ಒಂದು ವಿನಾಯಿತಿ. ಈಗ ಏಪ್ರಿಲ್ ಆಗಿದ್ದು, ಬರುವವರೆಲ್ಲ ಹೊಸಬರಾಗಿದ್ದರೆ ಜೂನ್‌ವರೆಗೆ ತಡೆಯಿರಿ. ಆಗ ಅರಣ್ಯಕಾಂಡದ ಶೆಲಾಹ್ ಬರುತ್ತದೆ. ಹನ್ನೆರಡು ಮಂದಿ ಕಾನಾನ್ ದೇಶವನ್ನು ಗೂಢವಾಗಿ ನೋಡಿ ಬರುತ್ತಾರೆ, ಒಂದೇ ದ್ರಾಕ್ಷಿ ಗೊಂಚಲನ್ನು ಇಬ್ಬರು ಕೋಲಿಗೆ ಕಟ್ಟಿ ಹೊರುತ್ತಾರೆ, ಹತ್ತು ಜನ ಆಗುವುದಿಲ್ಲ ಅನ್ನುತ್ತಾರೆ, ಇಬ್ಬರು ಆಗುತ್ತದೆ ಅನ್ನುತ್ತಾರೆ. ಹಾಳೆಗೆ 13ನೇ ಅಧ್ಯಾಯದ 17ರಿಂದ 33ರವರೆಗಿನ ವಚನ ಹಾಕಿ. ಪ್ರಶ್ನೆ ಇದು: ಮೋಶೆ ನೋಡಿ ಬನ್ನಿ ಅಂದದ್ದರಲ್ಲಿ, ಅವರು ಬಂದು ಹೇಳಿದ್ದರಲ್ಲಿ, ತಪ್ಪು ಶುರುವಾದದ್ದು ಯಾವ ವಚನದಿಂದ?